ಇತಿಹಾಸ ಮತ್ತು ಕನ್ನಡ ಪಾಠಗಳಿಗೆ ಪಾತ್ರಾಭಿನಯ: ಪ್ರೌಢಶಾಲಾ ಶಿಕ್ಷಕರಿಗೆ ಹಂತ ಹಂತದ ಮಾರ್ಗದರ್ಶಿ

ಪಾತ್ರಾಭಿನಯದ ಬಗ್ಗೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಶಿಕ್ಷಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅರವತ್ತು ಮಕ್ಕಳ ತರಗತಿಯಲ್ಲಿ ಆರು ಮಂದಿ ಮಾತನಾಡಿದರೆ ಉಳಿದವರು ಏನು ಮಾಡಬೇಕು? ಪಠ್ಯ ಮುಗಿಸುವುದಕ್ಕೇ ಸಮಯ ಸಾಲದಿರುವಾಗ ಇದಕ್ಕೆ ಪೀರಿಯಡ್ ಎಲ್ಲಿಂದ ತರಬೇಕು? ಗದ್ದಲವಾದರೆ ಪಕ್ಕದ ತರಗತಿಯವರಿಗೆ ಏನು ಹೇಳಬೇಕು? ಅಂಕ ಯಾವುದಕ್ಕೆ ಕೊಡಬೇಕು? ಈ ಲೇಖನದಲ್ಲಿ ಒಂದು ಇತಿಹಾಸದ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ನಡೆಸಿ ತೋರಿಸಿ, ಆಮೇಲೆ ಕಾವ್ಯದ ಪಾಠಕ್ಕೆ ಬಂದಾಗ ಏನೇನು ಬದಲಾಗುತ್ತದೆ ಎಂಬುದನ್ನು ವಿವರಿಸಲಾಗಿದೆ.

ಮೊದಲು ಒಂದು ಗೊಂದಲ ಬಗೆಹರಿಯಲಿ

ಪಾತ್ರಾಭಿನಯ ಎಂದರೆ ವಿದ್ಯಾರ್ಥಿಯು ಪಾಠದಲ್ಲಿ ಬರುವ ಒಬ್ಬ ವ್ಯಕ್ತಿಯ ಸ್ಥಾನದಲ್ಲಿ ನಿಂತು, ಆ ವ್ಯಕ್ತಿಗೆ ಆ ಹೊತ್ತಿನಲ್ಲಿ ತಿಳಿದಿದ್ದಷ್ಟನ್ನೇ ಆಧಾರವಾಗಿಟ್ಟುಕೊಂಡು, ತನ್ನ ಸ್ವಂತ ಮಾತಿನಲ್ಲಿ ವಾದಿಸುವುದು, ಉತ್ತರಿಸುವುದು ಮತ್ತು ತೀರ್ಮಾನಿಸುವುದು. ಇದರಲ್ಲಿ ಬಾಯಿಪಾಠ ಮಾಡಿದ ಸಂಭಾಷಣೆಯಿಲ್ಲ, ವೇಷಭೂಷಣವಿಲ್ಲ, ಪ್ರೇಕ್ಷಕರೂ ಇಲ್ಲ. ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳಲೇಬೇಕಾಗುತ್ತದೆ, ಏಕೆಂದರೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯಂಥ ಕಂಪನಿಗಳು ಬೆಳೆದ ಈ ನೆಲದಲ್ಲಿ ಹುಡುಗನ ಕೈಗೆ ಒಂದು ಪಾತ್ರ ಕೊಟ್ಟರೆ ಸಾಕು, ಅವನು ಎದೆಯುಬ್ಬಿಸಿ ಗುಡುಗತೊಡಗುತ್ತಾನೆ. ಅದು ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕ ಸಮಾರಂಭಕ್ಕೆ ಶೋಭೆ, ಪಾಠಕ್ಕೆ ಅಡ್ಡಿ. ಗ್ಯಾದರಿಂಗಿನ ನಾಟಕದಲ್ಲಿ ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ, ಮತ್ತು ಚೆನ್ನಾಗಿ ಮಾತನಾಡುವ ನಾಲ್ವರೇ ಎಲ್ಲವನ್ನೂ ಮಾಡುತ್ತಾರೆ. ತರಗತಿಯ ಪಾತ್ರಾಭಿನಯದಲ್ಲಿ ಮುಂದೇನಾಗಬೇಕೆಂಬುದನ್ನು ಮಕ್ಕಳು ಯೋಚಿಸಬೇಕು, ಮತ್ತು ಆ ಯೋಚನೆಯಿಂದ ಯಾರೂ ಹೊರಗುಳಿಯಬಾರದು.

ಬೇಕಾದ ಸಾಮಗ್ರಿ ಅತ್ಯಲ್ಪ: ಚೀಟಿ ಬರೆಯಲು ಕಾಗದ, ಕರಿಹಲಗೆ, ಒಂದು ಖಾಲಿ ಕುರ್ಚಿ, ಒಂದು ಗಡಿಯಾರ. ಪೇಟ, ಕತ್ತಿ, ಗಡ್ಡ ಇತ್ಯಾದಿಗಳನ್ನು ಮನೆಯಿಂದ ತರಬಾರದೆಂದು ಹಿಂದಿನ ದಿನವೇ ತಿಳಿಸಿ. ಸಮಯದ ಲೆಕ್ಕಕ್ಕೆ 40 ನಿಮಿಷದ ಎರಡು ಪೀರಿಯಡ್‌ಗಳನ್ನು ಹಿಡಿದುಕೊಳ್ಳಿ. ಇವು ಪಾಠದ ಮೇಲೆ ಹೆಚ್ಚುವರಿಯಾಗಿ ಬರುವ ಪೀರಿಯಡ್‌ಗಳಲ್ಲ, ಆ ಘಟಕದ ಬೋಧನೆಗೆ ನೀವು ಹೇಗೂ ಇಟ್ಟುಕೊಂಡಿರುವವುಗಳೇ. ವರ್ಷಕ್ಕೆ ಪ್ರತಿ ವಿಷಯದಲ್ಲಿ ಎರಡೋ ಮೂರೋ ಪಾಠಗಳನ್ನು ಹೀಗೆ ಮಾಡಿದರೆ ಸಾಕು. ಎಲ್ಲ ಪಾಠಗಳೂ ಇದಕ್ಕೆ ಒಗ್ಗುವುದಿಲ್ಲ.

ಹಂತ 1: ತೀರ್ಮಾನದ ಕ್ಷಣವನ್ನು ಹುಡುಕಿ

ಇಡೀ ಕೆಲಸದ ಸೋಲು-ಗೆಲುವು ನಿರ್ಧಾರವಾಗುವುದು ಇಲ್ಲಿಯೇ. ಪಾಠದಲ್ಲಿ ಎಲ್ಲಿ ಒಬ್ಬರಿಗಿಂತ ಹೆಚ್ಚು ಜನರು ಬೇರೆ ಬೇರೆ ಕಾರಣಗಳಿಂದ ಬೇರೆ ಬೇರೆ ದಾರಿ ಹಿಡಿಯಬಹುದಾಗಿತ್ತೋ ಆ ಕ್ಷಣವನ್ನು ಆಯ್ದುಕೊಳ್ಳಬೇಕು. ಘಟನೆ ಎಷ್ಟು ರೋಚಕವಾಗಿದೆ ಎಂಬುದನ್ನು ನೋಡಬಾರದು.

1858ರ ನರಗುಂದದ ಬಂಡಾಯವನ್ನೇ ತೆಗೆದುಕೊಳ್ಳಿ. ಮಕ್ಕಳಿಗೆ ಮೊದಲು ಹೊಳೆಯುವುದು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ ದೃಶ್ಯ, ಇಲ್ಲವೇ ನರಗುಂದದ ಅರಸ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ ದೃಶ್ಯ. ಇವೆರಡರಲ್ಲಿಯೂ ತರಗತಿಗೆ ಯೋಚಿಸಲು ಏನೂ ಉಳಿದಿರುವುದಿಲ್ಲ. ಒಬ್ಬನು ಹೊಡೆಯುತ್ತಾನೆ, ಇನ್ನೊಬ್ಬನು ಬೀಳುತ್ತಾನೆ, ಉಳಿದವರು ನಗುತ್ತಾರೆ. ಯೋಚಿಸುವ ಕೆಲಸವಿರುವುದು ಅದಕ್ಕೂ ಹಿಂದಿನ ದಿನಗಳಲ್ಲಿ. ದತ್ತು ಸ್ವೀಕಾರಕ್ಕೆ ಬ್ರಿಟಿಷರು ಒಪ್ಪಿಗೆ ಕೊಟ್ಟಿಲ್ಲ, ಆಯುಧಗಳನ್ನು ಒಪ್ಪಿಸಬೇಕೆಂಬ ಒತ್ತಡ ಬಂದಿದೆ, ದಿಲ್ಲಿಯನ್ನು ಅವರು 1857ರ ಸೆಪ್ಟೆಂಬರ್‌ನಲ್ಲಿಯೇ ಮರಳಿ ಹಿಡಿದಿದ್ದಾರೆ. ಹೀಗಿರುವಾಗ ಎದ್ದು ನಿಲ್ಲಬೇಕೇ, ಕಾಯಬೇಕೇ, ಸಂಧಾನಕ್ಕೆ ಹೋಗಬೇಕೇ? ಹಾವೇರಿ ಕಡೆಯ ಶಾಲೆಗಳಿಗೆ ಮೈಲಾರ ಮಹಾದೇವಪ್ಪನವರ ಬದುಕಿನಲ್ಲಿಯೂ ಇಂಥದೇ ಒಂದು ಕ್ಷಣ ಸಿಗುತ್ತದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಗುಂಡಿಗೆ ಬಲಿಯಾದದ್ದನ್ನು ಅಭಿನಯಿಸುವ ಬದಲು, 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದಿದ್ದ ವ್ಯಕ್ತಿಯು ಸರ್ಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೊರಡುವುದು ಸತ್ಯಾಗ್ರಹಕ್ಕೆ ಒಪ್ಪುತ್ತದೆಯೇ ಎಂಬ ಚರ್ಚೆಯನ್ನು ಸಂಗಾತಿಗಳ ನಡುವೆ ನಡೆಸಿ ನೋಡಿ.

ಮುಂದಿನ ಹಂತಗಳಿಗೆ ನಾನು ಆಯ್ದುಕೊಂಡಿರುವುದು ಕರ್ನಾಟಕದ ಏಕೀಕರಣದ ಪಾಠ. ಕೇಂದ್ರ ಸರ್ಕಾರವು 1953ರ ಡಿಸೆಂಬರ್‌ನಲ್ಲಿ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅದರ ಸದಸ್ಯರಾಗಿದ್ದರು. ಆಯೋಗದ ಮುಂದೆ ಅಹವಾಲು ಹೇಳಿಕೊಳ್ಳುವ ಸಭೆ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಹೊಡೆದಾಟವಿಲ್ಲ, ಎಲ್ಲರಿಗೂ ಮಾತನಾಡಲು ಕಾರಣವಿದೆ, ಮತ್ತು ಎಷ್ಟು ಗುಂಪುಗಳನ್ನಾದರೂ ಮಾಡಬಹುದು.

ಹಂತ 2: ಪಾತ್ರದ ಚೀಟಿ ಬರೆಯಿರಿ

ಪ್ರತಿ ಗುಂಪಿಗೆ ಒಂದು ಚೀಟಿ. ಅದರಲ್ಲಿ ಐದು ಸಂಗತಿಗಳಿರಬೇಕು: ನೀವು ಯಾರು, ನಿಮಗೆ ಏನು ಗೊತ್ತು, ನಿಮಗೆ ಏನು ಬೇಕು, ನಿಮಗೆ ಯಾವ ಅಂಜಿಕೆಯಿದೆ, ನಿಮಗೆ ಏನು ಗೊತ್ತಿಲ್ಲ. ಕೊನೆಯದನ್ನು ಬಹಳಷ್ಟು ಶಿಕ್ಷಕರು ಬಿಟ್ಟುಬಿಡುತ್ತಾರೆ, ಆದರೆ ಇತಿಹಾಸದ ಪಾತ್ರಾಭಿನಯಕ್ಕೆ ಬೆನ್ನೆಲುಬು ಅದೇ. ಒಂದು ಮಾದರಿ ಹೀಗಿದೆ:

*ನೀವು 1954ರ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳು. ನಿಮಗೆ ಗೊತ್ತಿರುವುದು: 1953ರ ಅಕ್ಟೋಬರ್ 1ರಂದು ತೆಲುಗರಿಗೆ ಆಂಧ್ರ ರಾಜ್ಯ ಸಿಕ್ಕಿದೆ, ಅದೇ ವರ್ಷ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರು ಉಪವಾಸ ಕುಳಿತದ್ದನ್ನೂ ಹುಬ್ಬಳ್ಳಿಯಲ್ಲಿ ಜನ ಸಿಡಿದೆದ್ದದ್ದನ್ನೂ ಕಂಡಿದ್ದೀರಿ. ನಿಮಗೆ ಬೇಕಾದದ್ದು: ಕಚೇರಿಯ ವ್ಯವಹಾರ ಕನ್ನಡದಲ್ಲಿ ನಡೆಯಬೇಕು, ಮಕ್ಕಳಿಗೆ ಇಲ್ಲಿಯೇ ನೌಕರಿ ಸಿಗಬೇಕು. ನಿಮ್ಮ ಅಂಜಿಕೆ: ನಿಮ್ಮ ಮಾಲು ಹೋಗುವುದು ಮುಂಬಯಿಗೆ; ರಾಜ್ಯ ಬೇರೆಯಾದರೆ ವ್ಯಾಪಾರದ ಗತಿಯೇನು? ನಿಮಗೆ ಗೊತ್ತಿಲ್ಲದ್ದು: ಆಯೋಗ ಏನು ಹೇಳುತ್ತದೆ, ರಾಜಧಾನಿ ಯಾವ ಊರಾಗುತ್ತದೆ.*

ಈ ವ್ಯಾಪಾರಿಗಳು ಕಲ್ಪಿತ ಪಾತ್ರಗಳು ಎಂಬುದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ. ಐತಿಹಾಸಿಕ ವ್ಯಕ್ತಿಗಳ ಬಾಯಲ್ಲಿ ನಾವು ಕಟ್ಟಿದ ಮಾತುಗಳನ್ನು ಇಟ್ಟರೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅವು ಇತಿಹಾಸವಾಗಿ ಹೊರಬರುತ್ತವೆ. ಆದ್ದರಿಂದ ಹೆಸರಾಂತರನ್ನು ಚೀಟಿಯಲ್ಲಿ ಉಲ್ಲೇಖಿಸಿ, ಪಾತ್ರವಾಗಿ ಸಾಮಾನ್ಯರನ್ನೇ ಇಡುವುದು ಕ್ಷೇಮ.

ಉಳಿದ ಗುಂಪುಗಳು ಇವಾಗಬಹುದು. ಮುಂಬಯಿ ರಾಜ್ಯದಲ್ಲಿದ್ದ ಧಾರವಾಡದ ಕನ್ನಡ ಶಾಲೆಯ ಶಿಕ್ಷಕರು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು ಆಮೇಲೆಯೂ ಹೈದರಾಬಾದ್ ರಾಜ್ಯದಲ್ಲಿಯೇ ಉಳಿದ ರಾಯಚೂರಿನ ರೈತರು. ಮದ್ರಾಸ್ ರಾಜ್ಯದಲ್ಲಿದ್ದ ಮಂಗಳೂರಿನವರು. ತಮ್ಮದೇ ಪುಟ್ಟ ರಾಜ್ಯ ಮತ್ತು ವಿಧಾನಸಭೆ ಹೊಂದಿದ್ದ ಕೊಡಗಿನವರು. ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುತ್ತದೆಂದು ಏಕೀಕರಣವನ್ನು ಒಪ್ಪದಿದ್ದ ಹಳೆಯ ಮೈಸೂರಿನ ಕೆಲವರು. ಈ ಕೊನೆಯ ಗುಂಪಿನ ಚೀಟಿಯನ್ನು ಎಲ್ಲಕ್ಕಿಂತ ಮುತುವರ್ಜಿಯಿಂದ ಬರೆಯಬೇಕು. ನಮ್ಮ ಕಡೆಯ ಮಕ್ಕಳಿಗೆ ಏಕೀಕರಣವನ್ನು ಒಪ್ಪದವರೆಂದರೆ ಖಳನಾಯಕರಂತೆಯೇ ಕಾಣುತ್ತಾರೆ. ಅವರ ವಾದಕ್ಕೂ ಆಯವ್ಯಯದ, ನೀರಾವರಿಯ, ಅಧಿಕಾರದ ಪಾಲಿನ ಲೆಕ್ಕಾಚಾರವಿತ್ತು ಎಂಬುದು ಚೀಟಿಯಲ್ಲಿ ಬರದಿದ್ದರೆ ಸಭೆ ಏಕಪಕ್ಷೀಯವಾಗಿ ಐದೇ ನಿಮಿಷದಲ್ಲಿ ಮುಗಿದುಹೋಗುತ್ತದೆ.

ಹಂತ 3: ಪಾತ್ರಗಳನ್ನು ಹಂಚಿ

ಅರವತ್ತು ಮಕ್ಕಳಿದ್ದರೆ ಆರು ಗುಂಪುಗಳಿಗೆ ಎಂಟೆಂಟು ಮಂದಿ; ಆಯೋಗದ ಮೂವರು ಸದಸ್ಯರ ಸ್ಥಾನಕ್ಕೆ ಮೂವರು; ಅವರಿಗೆ ಪ್ರಶ್ನೆ ಸಿದ್ಧಪಡಿಸಿಕೊಡುವ ಕಾರ್ಯದರ್ಶಿಗಳಾಗಿ ಐವರು; ನಾಳೆಯ ಪತ್ರಿಕೆಗೆ ವರದಿ ಬರೆಯುವ ವರದಿಗಾರರಾಗಿ ನಾಲ್ವರು. ಗುಂಪಿನೊಳಗೆ ಇಬ್ಬರು ಮಾತನಾಡುತ್ತಾರೆ, ಇಬ್ಬರು ಮನವಿಪತ್ರ ಬರೆಯುತ್ತಾರೆ, ಇಬ್ಬರು ಪಠ್ಯಪುಸ್ತಕದಿಂದ ಆಧಾರ ಹುಡುಕಿಕೊಡುತ್ತಾರೆ, ಇಬ್ಬರು ಎದುರು ಗುಂಪಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಡುತ್ತಾರೆ. ಮಾತು ಬಾರದ ಹುಡುಗಿಗೆ ಇಲ್ಲಿ ಕೆಲಸವಿದೆ. ಅವಳನ್ನು ಬಲವಂತವಾಗಿ ಎದ್ದು ನಿಲ್ಲಿಸಬೇಕಾಗಿಲ್ಲ.

ಎಚ್ಚರಿಕೆ: ಯಾವ ಪಾತ್ರವನ್ನೂ ಮಗುವಿನ ಜಾತಿ, ಧರ್ಮ, ಬಣ್ಣ ಅಥವಾ ಮನೆತನವನ್ನು ನೋಡಿ ಕೊಡಬೇಡಿ. ಒಬ್ಬರು ಇನ್ನೊಬ್ಬರನ್ನು ಜಾತಿಯ ಹೆಸರಿನಲ್ಲಿ ಅವಮಾನಿಸುವ ಪ್ರಸಂಗಗಳನ್ನು ಅಭಿನಯಕ್ಕೆ ಆಯ್ದುಕೊಳ್ಳಲೇಬೇಡಿ. ಬಸವಣ್ಣನವರ ಕಾಲದ ಶರಣರಾದ ಹರಳಯ್ಯ ಮತ್ತು ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆ ಹಾಗೂ ಅದಕ್ಕಾಗಿ ಅವರಿಗಾದ ಶಿಕ್ಷೆಯ ಪ್ರಸಂಗವನ್ನು ಓದಿ ಚರ್ಚಿಸಬಹುದು, ಚರ್ಚಿಸಲೂಬೇಕು. ಆದರೆ ಆಟದ ನೆಪದಲ್ಲಿ ಒಂದು ಮಗುವಿಗೆ ಅಂಟಿದ ಹೆಸರು ಶಾಲೆಯ ಮೈದಾನದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹುಡುಗರ ಪಾತ್ರವನ್ನು ಹುಡುಗಿಯರಿಗೆ ಕೊಡುವುದರಲ್ಲಿ ಯಾವ ತೊಡಕೂ ಇಲ್ಲ.

ಹಂತ 4: ತಯಾರಿಯ ಪೀರಿಯಡ್

ಮೊದಲ ಪೀರಿಯಡ್ ಪೂರ್ತಿ ಓದಿಗೆ ಮತ್ತು ಬರವಣಿಗೆಗೆ ಮೀಸಲು. ಗುಂಪುಗಳು ಚೀಟಿಯನ್ನೂ ಪಾಠವನ್ನೂ ಓದಿ ಒಂದು ಪುಟದ ಮನವಿಪತ್ರ ಸಿದ್ಧಪಡಿಸಲಿ. ಇದರಿಂದ ಕನ್ನಡ ಶಿಕ್ಷಕರಿಗೂ ಲಾಭವಿದೆ. ಪತ್ರಲೇಖನದಲ್ಲಿ “ಇವರಿಗೆ, ಇಂದ, ಮಾನ್ಯರೇ” ಎಂಬ ಚೌಕಟ್ಟನ್ನಷ್ಟೇ ಕಲಿತ ಮಕ್ಕಳಿಗೆ ನಿಜವಾಗಿ ಏನನ್ನೋ ಕೇಳಿಕೊಳ್ಳುವ ಪತ್ರ ಬರೆಯುವ ಸಂದರ್ಭ ಸಿಗುತ್ತದೆ.

ಈ ಪೀರಿಯಡ್‌ನಲ್ಲಿ ನೀವು ಗುಂಪಿನಿಂದ ಗುಂಪಿಗೆ ತಿರುಗುತ್ತ ಕಾಲದೋಷಗಳನ್ನು ಹಿಡಿಯಬೇಕು. ಕಾಲದೋಷ ಎಂದರೆ ಒಂದು ಕಾಲದ ಮಾತಿನಲ್ಲಿ ಆಮೇಲಿನ ಕಾಲದ ಸಂಗತಿ ನುಸುಳುವುದು. ಮಕ್ಕಳು 1954ರ ಪತ್ರದಲ್ಲಿ “ಹಾವೇರಿ ಜಿಲ್ಲೆಯ ರೈತರಾದ ನಾವು” ಎಂದು ಸಲೀಸಾಗಿ ಬರೆಯುತ್ತಾರೆ. ಗದಗ ಮತ್ತು ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಇದ್ದವು. “ಕರ್ನಾಟಕ ಸರ್ಕಾರ” ಎಂದು ಬರೆಯುತ್ತಾರೆ. 1956ರ ನವೆಂಬರ್ 1ರಂದು ಉದಯಿಸಿದ ರಾಜ್ಯಕ್ಕೂ ಮೈಸೂರು ಎಂಬ ಹೆಸರೇ ಇತ್ತು, ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ರಂದು. ಹತ್ತಿಯ ದರವನ್ನು ರೂಪಾಯಿ-ಪೈಸೆಯಲ್ಲಿ ಹೇಳುತ್ತಾರೆ. ನೂರು ಪೈಸೆಯ ರೂಪಾಯಿ ಬಂದದ್ದು 1957ರಲ್ಲಿ, ಅದಕ್ಕೂ ಮೊದಲು ಆಣೆಯ ಲೆಕ್ಕವಿತ್ತು. ಇವುಗಳನ್ನು ತಪ್ಪೆಂದು ಹೊಡೆದುಹಾಕುವ ಬದಲು ಕರಿಹಲಗೆಯ ಮೂಲೆಯಲ್ಲಿ ಪಟ್ಟಿ ಮಾಡಿ. ಮನೆಯಲ್ಲಿರುವ ಅಜ್ಜ-ಅಜ್ಜಿಯರನ್ನು ಕೇಳಿಕೊಂಡು ಬನ್ನಿ ಎಂದರೆ ಪಟ್ಟಿ ಮರುದಿನ ತಾನಾಗಿಯೇ ಬೆಳೆದಿರುತ್ತದೆ.

ಹಂತ 5: ಸಭೆ ನಡೆಸಿ

ಎರಡನೆಯ ಪೀರಿಯಡ್‌ನ ಮೊದಲ 20 ನಿಮಿಷ ಮಾತ್ರ ಸಭೆ. ಪ್ರತಿ ಗುಂಪಿಗೆ ಎರಡು ನಿಮಿಷ ಅಹವಾಲಿಗೆ, ಒಂದು ನಿಮಿಷ ಆಯೋಗದ ಪ್ರಶ್ನೆಗೆ. ಸಮಯ ಮುಗಿದ ಕೂಡಲೇ ಮೇಜಿನ ಮೇಲೆ ತಟ್ಟಿ ನಿಲ್ಲಿಸಿ, ಕರುಣೆ ಬೇಡ.

ಮಕ್ಕಳು ಮನೆಯಲ್ಲಿ ಆಡುವ ಕನ್ನಡದಲ್ಲಿಯೇ ಮಾತನಾಡಲಿ. “ನಮ್ಮ ಮಾಲ್ ಎಲ್ಲಾ ಮುಂಬಯಿಗೆ ಹೋಗತೈತ್ರಿ, ನಾಳೆ ಗಡಿ ಹಾಕಿದ್ರ ನಾವೇನ್ ಮಾಡೂಣ್ರಿ” ಎಂದು ವ್ಯಾಪಾರಿಯ ಪಾತ್ರದ ಹುಡುಗನು ಕೇಳಿದರೆ ಅವನು ಯೋಚಿಸುತ್ತಿದ್ದಾನೆ ಎಂದೇ ಅರ್ಥ. ಅದನ್ನೇ ಗ್ರಾಂಥಿಕ ಕನ್ನಡದಲ್ಲಿ ಹೇಳಬೇಕೆಂದು ಒತ್ತಾಯಿಸಿದರೆ ಅವನು ಕಂಪನಿ ನಾಟಕದ ರಾಜನಾಗುತ್ತಾನೆ, ಇಲ್ಲವೇ ಬಾಯಿ ಮುಚ್ಚಿಕೊಳ್ಳುತ್ತಾನೆ. ಶಿಷ್ಟ ಕನ್ನಡದ ಅಭ್ಯಾಸಕ್ಕೆ ಮನವಿಪತ್ರವಿದೆ.

ನೀವು ಮೂಲೆಯಲ್ಲಿ ನಿಂತು ನೋಡುವುದಕ್ಕಿಂತ ಸಭೆಯೊಳಗಿನ ಒಂದು ಸಣ್ಣ ಪಾತ್ರ ವಹಿಸುವುದು ಒಳ್ಳೆಯದು. ಇದನ್ನು ಶಿಕ್ಷಣದ ಪರಿಭಾಷೆಯಲ್ಲಿ ಪಾತ್ರದೊಳಗಿನ ಶಿಕ್ಷಕ ಎನ್ನುತ್ತಾರೆ. ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ ಎಂಬ ಶಿಕ್ಷಕಿ ಈ ಕ್ರಮವನ್ನು ಬೆಳೆಸಿದವರಲ್ಲಿ ಪ್ರಮುಖರು. ಸಭೆಯ ಶಿರಸ್ತೇದಾರರಾಗಿ ನೀವೇ ಕುಳಿತರೆ “ಸದ್ದು, ಸದ್ದು! ಆಯೋಗದವರು ಕೇಳುತ್ತಿದ್ದಾರೆ” ಎಂದು ಗದ್ದಲವನ್ನು ಪಾತ್ರದಿಂದ ಹೊರಬರದೆಯೇ ತಡೆಯಬಹುದು. ಆದರೂ ಸ್ವಲ್ಪ ಗದ್ದಲ ಆಗಿಯೇ ಆಗುತ್ತದೆ. ಪಕ್ಕದ ತರಗತಿಯವರಿಗೂ ಮುಖ್ಯೋಪಾಧ್ಯಾಯರಿಗೂ ಮೊದಲೇ ತಿಳಿಸಿ, ಸಾಧ್ಯವಾದರೆ ಮಧ್ಯಾಹ್ನದ ಕೊನೆಯ ಪೀರಿಯಡ್ ಆರಿಸಿಕೊಳ್ಳಿ.

ಇನ್ನೊಂದು ಎಚ್ಚರಿಕೆ ಈ ಪಾಠಕ್ಕೆ ವಿಶೇಷವಾದದ್ದು. ಮಾತು ಬೆಳಗಾವಿಯ ಗಡಿಯ ಕಡೆಗೆ ಜಾರುತ್ತದೆ, ಮತ್ತು ನಿಮ್ಮ ತರಗತಿಯಲ್ಲಿ ಮನೆಮಾತು ಮರಾಠಿಯಾಗಿರುವ ಮಕ್ಕಳಿರಬಹುದು. ಯಾವುದೇ ಭಾಷಿಕರನ್ನು ಹಳಿಯುವ ಮಾತು ಬಂದ ಕ್ಷಣವೇ ಸಭೆಯನ್ನು ನಿಲ್ಲಿಸಿ, ಪಾತ್ರದಿಂದ ಹೊರಬಂದು ಮಾತನಾಡಿ.

ಹಂತ 6: ಪಾತ್ರ ಕಳಚಿ, ಆಮೇಲೆ ಮಾತನಾಡಿ

ಸಮಯ ಸಾಲದೆ ಬಹುತೇಕ ಶಿಕ್ಷಕರು ಕೈಬಿಡುವುದು ಈ ಹಂತವನ್ನು. ನನ್ನ ಅಭಿಪ್ರಾಯದಲ್ಲಿ ಸಭೆಯನ್ನೇ ಹತ್ತು ನಿಮಿಷಕ್ಕೆ ಇಳಿಸಿದರೂ ಸರಿ, ಇದನ್ನು ಬಿಡಬಾರದು. ಕಲಿಕೆಯ ದೊಡ್ಡ ಪಾಲು ನಡೆಯುವುದು ಇಲ್ಲಿ.

ಮೊದಲು ಪಾತ್ರವನ್ನು ಕಳಚಿಸಬೇಕು. ಎಲ್ಲರೂ ಚೀಟಿಗಳನ್ನು ಮೇಜಿನ ಮೇಲೆ ಹಿಂದಿರುಗಿಸಿ ತಮ್ಮ ಸ್ವಂತ ಜಾಗಕ್ಕೆ ಹೋಗಿ ಕೂರಲಿ. ನೀವು ಅವರನ್ನು ಅವರವರ ಹೆಸರಿನಿಂದ ಕರೆಯಿರಿ. ಇದು ಕ್ಷುಲ್ಲಕವೆನಿಸಬಹುದು, ಆದರೆ ಹಳೆಯ ಮೈಸೂರಿನವರ ಪರವಾಗಿ ವಾದಿಸಿದ ಹುಡುಗನನ್ನು ಗೆಳೆಯರು ಸಂಜೆಯವರೆಗೆ ಕಾಡುವುದನ್ನು ಇದು ತಪ್ಪಿಸುತ್ತದೆ.

ಆಮೇಲೆ ಈ ಕ್ರಮದಲ್ಲಿ ಕೇಳಿ. ನಿಮ್ಮ ಗುಂಪಿಗೆ ಉತ್ತರಿಸಲು ಅತ್ಯಂತ ಕಷ್ಟವಾದ ಪ್ರಶ್ನೆ ಯಾವುದು? ಎದುರು ಗುಂಪಿನ ಯಾವ ಮಾತು ನಿಮಗೆ ಸರಿಯೆನಿಸಿತು? ನಮ್ಮ ಸಭೆಯಲ್ಲಿ ನಡೆದದ್ದಕ್ಕೂ ನಿಜವಾಗಿ ನಡೆದದ್ದಕ್ಕೂ ಏನು ವ್ಯತ್ಯಾಸ? ಮೂರನೆಯ ಪ್ರಶ್ನೆಗೆ ಬಂದಾಗ ಪಠ್ಯಪುಸ್ತಕ ತೆರೆಯಿಸಿ. ಆಯೋಗವು 1955ರಲ್ಲಿ ವರದಿ ಕೊಟ್ಟಿತು, ಮರುವರ್ಷ ರಾಜ್ಯ ಉದಯವಾಯಿತು, ಕೊಡಗು ಅದರಲ್ಲಿ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು ಎಂಬ ಸಾಲುಗಳನ್ನು ಮಕ್ಕಳು ಈಗ ಬೇರೆಯೇ ಕಣ್ಣಿನಿಂದ ಓದುತ್ತಾರೆ. “ಕೊಡಗಿನವರು ಒಪ್ಪಿದರೇನು ಸರ್?” ಎಂಬ ಪ್ರಶ್ನೆ ಚೀಟಿ ಹಿಡಿದು ವಾದಿಸಿದ ಮಗುವಿಗೆ ತಾನಾಗಿಯೇ ಬರುತ್ತದೆ.

ಹಂತ 7: ಅಂಕ

ಅಭಿನಯಕ್ಕೆ ಅಂಕ ಕೊಡಬೇಡಿ. ರೂಪಣಾತ್ಮಕ ಮೌಲ್ಯಮಾಪನಕ್ಕೆ, ಅಂದರೆ ಕಲಿಕೆ ನಡೆಯುತ್ತಿರುವಾಗಲೇ ಮಾಡುವ, ನಾವೆಲ್ಲ ಎಫ್‌ಎ ಎನ್ನುವ ಮೌಲ್ಯಮಾಪನಕ್ಕೆ, ಮೂರು ದಾಖಲೆಗಳು ಸಾಕು: ಗುಂಪಿನ ಮನವಿಪತ್ರ, ಪಾಠದಿಂದ ಎತ್ತಿಕೊಂಡ ಆಧಾರಗಳ ಪಟ್ಟಿ, ಮತ್ತು ಪ್ರತಿಯೊಬ್ಬರೂ ಮರುದಿನ ಬರೆದು ತರುವ ಅರ್ಧ ಪುಟ. ಆ ಅರ್ಧ ಪುಟದ ವಿಷಯ: “ನನ್ನ ಪಾತ್ರ ವಿರೋಧಿಸಿದ ವಾದವನ್ನು ಅದರ ಬಲದೊಂದಿಗೆ ವಿವರಿಸುವುದು.”

ಕಾವ್ಯದ ಪಾಠಕ್ಕೆ ಏನು ಬದಲಾಗುತ್ತದೆ

ಇತಿಹಾಸದಲ್ಲಿ ಪಾತ್ರಕ್ಕೆ ಆಧಾರ ದಾಖಲೆಗಳು ಮತ್ತು ಕಾಲ. ಕಾವ್ಯದಲ್ಲಿ ಆಧಾರ ಪದ್ಯದ ಸಾಲು. ಆದ್ದರಿಂದ ಇಲ್ಲಿನ ನಿಯಮ ಒಂದೇ: ಪಾತ್ರವಾಗಿ ಕೊಟ್ಟ ಪ್ರತಿ ಉತ್ತರಕ್ಕೂ ಸಾಲನ್ನು ತೋರಿಸಬೇಕು.

ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಜನ್ಮರಹಸ್ಯ ಹೇಳುವ ಭಾಗವನ್ನು ನೋಡಿ. (ಕವಿ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದವನು, ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಬರೆದನೆಂಬ ಪ್ರತೀತಿಯಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳದೆ ಮುಂದೆ ಹೋಗಲಾದೀತೇ?) ಇದಕ್ಕೆ ಗುಂಪುಗಳು ಬೇಡ, ಕುರ್ಚಿ ಸಾಕು. ಪದ್ಯಗಳನ್ನು ಎರಡು ಬಾರಿ ಗಟ್ಟಿಯಾಗಿ ಓದಿದ ಮೇಲೆ ಒಬ್ಬ ವಿದ್ಯಾರ್ಥಿ ಕರ್ಣನಾಗಿ ತರಗತಿಯ ಮುಂದಿನ ಕುರ್ಚಿಯಲ್ಲಿ ಕೂರಲಿ, ಉಳಿದವರು ಪ್ರಶ್ನೆ ಕೇಳಲಿ. “ರಾಜ್ಯ ಕೊಡುತ್ತೇನೆಂದರೂ ಏಕೆ ಒಲ್ಲೆ ಎಂದಿರಿ?” “ಕೃಷ್ಣನ ಮೇಲೆ ನಿಮಗೆ ಸಿಟ್ಟು ಬಂತೇ?” ಎರಡನೆಯ ಪ್ರಶ್ನೆಗೆ ಕರ್ಣನು ತೋಚಿದ್ದನ್ನು ಹೇಳಿದರೆ ತರಗತಿಯು “ಸಾಲು?” ಎಂದು ಕೇಳಬೇಕು. “ಕೊರಳ ಸೆರೆ ಹಿಗ್ಗಿದವು” ಎಂಬಲ್ಲಿ ಇರುವುದು ಸಿಟ್ಟೋ ದುಃಖವೋ ಎಂಬ ಜಗಳ ಆಗ ಹುಟ್ಟುತ್ತದೆ, ಮತ್ತು ಅದನ್ನು ಬಗೆಹರಿಸಲು ಮಕ್ಕಳು ಮುಂದಿನ ಸಾಲುಗಳನ್ನು ಓದಲೇಬೇಕಾಗುತ್ತದೆ. ಐದು ನಿಮಿಷಕ್ಕೊಮ್ಮೆ ಕರ್ಣನನ್ನು ಬದಲಿಸಿ, ಇಲ್ಲದಿದ್ದರೆ ಅದೇ ಒಬ್ಬ ಜಾಣ ವಿದ್ಯಾರ್ಥಿಯ ಪಾಠವಾಗುತ್ತದೆ. ಪದ್ಯ ಓದದೆ ಕಥೆಯಷ್ಟನ್ನೇ ಹೇಳಿ ಕೂರಿಸಿದರೆ ಟಿವಿ ಧಾರಾವಾಹಿಯ ಕರ್ಣ ಕುರ್ಚಿಗೆ ಬರುತ್ತಾನೆ. ಈ ವಿಧಾನದ ಅತಿ ಸಾಮಾನ್ಯ ಸೋಲು ಇದೇ.

ಎಂಟನೆಯ ತರಗತಿಯ ಮಕ್ಕಳಿಗೆ ಕನಕದಾಸರ ರಾಮಧಾನ್ಯ ಚರಿತೆ ಚೆನ್ನಾಗಿ ಒಗ್ಗುತ್ತದೆ. ಕನಕದಾಸರು ಹಾವೇರಿ ಜಿಲ್ಲೆಯ ಬಾಡದವರು. ವ್ರೀಹಿ ಎಂದರೆ ಭತ್ತ, ನರೆದಲೆಗ ಎಂದರೆ ರಾಗಿ. ಇವೆರಡೂ ಯಾರು ಮೇಲೆಂದು ರಾಮನ ಎದುರು ಜಗಳವಾಡುತ್ತವೆ. ಇದನ್ನು ವಿಚಾರಣೆಯ ಮಾದರಿಯಲ್ಲಿ, ತರಗತಿಯನ್ನು ಎರಡು ಪಕ್ಷ ಮಾಡಿ ನಡೆಸಿ. ಜೋಳದ ರೊಟ್ಟಿ ಉಣ್ಣುವ ನಮ್ಮ ಮಕ್ಕಳು ಜೋಳವನ್ನು ಸಾಕ್ಷಿಯಾಗಿ ಕರೆಯೋಣ ಎನ್ನಬಹುದು. ಕರೆಯಲಿ, ಆದರೆ ಅದು ನಾವು ಸೇರಿಸಿದ್ದು ಎಂದು ಹಲಗೆಯ ಮೇಲೆ ಬರೆದಿಡಿ. ತೀರ್ಪಿನ ಪದ್ಯಗಳನ್ನು ಓದುವ ಮೊದಲು ನಿಲ್ಲಿಸಿ, ಯಾರು ಮೇಲೆಂದು ತಿಳಿಯಲು ನೀವಾದರೆ ಯಾವ ಪರೀಕ್ಷೆ ಇಡುತ್ತಿದ್ದಿರಿ ಎಂದು ಕೇಳಿ. ಆಮೇಲೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಭಾಗವನ್ನು ಓದಿಸಿ. ಭತ್ತ ಸೊರಗಿ ರಾಗಿ ಗಟ್ಟಿಯಾಗಿ ಉಳಿದದ್ದು ಏನನ್ನು ಸೂಚಿಸುತ್ತದೆ, ವ್ರೀಹಿಯ ಬೈಗುಳಗಳು ನಮ್ಮ ಊರಿನಲ್ಲಿ ಯಾರು ಯಾರಿಗೆ ಆಡುವ ಮಾತುಗಳನ್ನು ನೆನಪಿಸುತ್ತವೆ ಎಂಬ ಚರ್ಚೆ ಪಾತ್ರ ಕಳಚಿದ ಮೇಲೆಯೇ ನಡೆಯಲಿ. ಮೂರನೆಯ ಹಂತದಲ್ಲಿ ಹೇಳಿದ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ.

ಮೊದಲ ಬಾರಿ ಪ್ರಯತ್ನಿಸುವವರು ಆಯೋಗದ ಸಭೆಯಿಂದ ಆರಂಭಿಸದೆ ಕುರ್ಚಿಯಿಂದಲೇ ಆರಂಭಿಸಿ. ಅದು ಒಂದೇ ಪೀರಿಯಡ್‌ನ ಕೊನೆಯ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಚೀಟಿ ಬರೆಯುವ ಶ್ರಮವಿಲ್ಲ, ಮಕ್ಕಳಿಗೂ ಆಧಾರ ಕೇಳುವ ರೂಢಿಯಾಗುತ್ತದೆ. ದಸರಾ ರಜೆಗೆ ಮೊದಲು ಕುರ್ಚಿ, ರಜೆಯ ನಂತರ ನವೆಂಬರ್‌ನಲ್ಲಿ ಏಕೀಕರಣದ ಸಭೆ ಎಂದು ಘಟಕ ಯೋಜನೆಯಲ್ಲಿ ಬರೆದಿಟ್ಟುಕೊಳ್ಳಿ. ಹತ್ತನೆಯ ತರಗತಿಗಾದರೆ ಜನವರಿಯ ನಂತರ ಇದಕ್ಕೆ ಕೈ ಹಾಕಬೇಡಿ. ಆಗ ಮಕ್ಕಳ ಮನಸ್ಸೂ ನಿಮ್ಮ ಮನಸ್ಸೂ ಪರೀಕ್ಷೆಯಲ್ಲಿರುತ್ತದೆ.